ಹೃದಯದ ಸುತ್ತಲಿನ ನೀರು ಮತ್ತು ಅಮೈಲಾಯ್ಡ್ ಕಾಯಿಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಅವಸರದಿಂದ ದಾಟಿಹೋದ ಕೆಲವು ವಿಷಯಗಳನ್ನು ಬರೆಯುವಾಗ ಸ್ವಲ್ಪ ವಿಸ್ತರಿಸಿದ್ದೇನೆ.

ಸಭಿಕರಿಗೆಲ್ಲ ನಮಸ್ಕಾರ. ಕೆಲವು ವರ್ಷಗಳ ಹಿಂದೆ ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರನ್ನು ಅವರ ಮಗ ನನ್ನಲ್ಲಿಗೆ ಕರೆದುಕೊಂಡು ಬಂದಿದ್ದರು. ಎಪ್ಪತ್ತು ದಾಟಿದ ಅವರಿಗೆ ತೋಟದ ತಗ್ಗಿನಿಂದ ಮನೆಗೆ ಹತ್ತಿ ಬರುವಷ್ಟರಲ್ಲಿ ಏದುಸಿರು ಬರುತ್ತಿತ್ತು, ಸಂಜೆಯ ಹೊತ್ತಿಗೆ ಎರಡೂ ಕಾಲುಗಳು ಬಾತುಕೊಳ್ಳುತ್ತಿದ್ದವು. ಮಗ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ವರದಿಯನ್ನು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಅಪ್ಪನ ಹೃದಯದ ಸುತ್ತ ನೀರು ನಿಂತಿದೆಯಂತೆ. ಅದನ್ನೊಮ್ಮೆ ತೆಗೆದುಬಿಟ್ಟರೆ ಸರಿಯಾಗ್ತದಲ್ಲ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಬಾವಿಯ ಕೆಸರು ತೆಗೆದರೆ ನೀರು ತಿಳಿಯಾಗುವುದನ್ನು ಕಂಡವರು ಹಾಗೆಯೇ ಯೋಚಿಸುತ್ತಾರೆ. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನಗೇ ಹಲವು ವಾರಗಳು ಬೇಕಾದವು. ಏಕೆಂದರೆ ಮೊದಮೊದಲು ನಾನೂ ಅವರಂತೆ ನೀರನ್ನೇ ನೋಡುತ್ತಿದ್ದೆ, ನೀರಿನ ಒಳಗಡೆ ಬಡಿಯುತ್ತಿದ್ದ ಹೃದಯದ ಗೋಡೆಯನ್ನು ನೋಡಬೇಕಾದಷ್ಟು ನೋಡಿರಲಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಆ ಗೋಡೆಯ ಬಗ್ಗೆ, ಅದಕ್ಕೂ ಹೊರಗಿನ ನೀರಿಗೂ ಇರುವ ಸಂಬಂಧದ ಬಗ್ಗೆ.

ಹೃದಯವು ಎದೆಯೊಳಗೆ ಬರಿದೇ ತೂಗಿಕೊಂಡಿರುವುದಿಲ್ಲ. ಅದನ್ನು ಎರಡು ಪದರಗಳ ಚೀಲವೊಂದು ಸುತ್ತುವರಿದಿದೆ. ಅದನ್ನು ಹೃದಯಾವರಣ ಅಥವಾ ಪೆರಿಕಾರ್ಡಿಯಂ ಎನ್ನುತ್ತೇವೆ. ಒಳಪದರ ಹೃದಯದ ಸ್ನಾಯುವಿಗೆ ಅಂಟಿಕೊಂಡಿರುತ್ತದೆ. ಹೊರಪದರ ಗಟ್ಟಿಯಾಗಿದ್ದು, ಎರಡು ಮಿಲಿಮೀಟರಿಗಿಂತಲೂ ತೆಳುವಾಗಿದ್ದರೂ ಸುಲಭಕ್ಕೆ ಹಿಗ್ಗುವುದಿಲ್ಲ. ಈ ಎರಡು ಪದರಗಳ ನಡುವೆ ಆರೋಗ್ಯವಂತರಲ್ಲಿಯೂ 15ರಿಂದ 50 ಮಿಲಿಲೀಟರಿನಷ್ಟು ದ್ರವ ಇದ್ದೇ ಇರುತ್ತದೆ. ಹೃದಯ ಬಡಿಯುವಾಗ ಪದರಗಳು ಒಂದಕ್ಕೊಂದು ಉಜ್ಜದಂತೆ ಕಾಯುವುದು ಅದರ ಕೆಲಸ. ಈ ದ್ರವ ನಿಂತ ನೀರಲ್ಲ. ಒಂದು ಕಡೆಯಿಂದ ಒಸರುತ್ತ, ಇನ್ನೊಂದು ಕಡೆ ದುಗ್ಧನಾಳಗಳ ಮೂಲಕ ಮತ್ತೆ ರಕ್ತಕ್ಕೆ ಸೇರುತ್ತ ಇರುತ್ತದೆ. ಒಸರುವುದು ಹೆಚ್ಚಿದರೂ ಹರಿದುಹೋಗುವ ದಾರಿಗೆ ತಡೆಯಾದರೂ ನೀರು ಕೂಡುತ್ತದೆ. ಎಷ್ಟು ನೀರು ಎಂಬುದಕ್ಕಿಂತ ಎಷ್ಟು ಬೇಗ ಕೂಡಿತು ಎಂಬುದು ಇಲ್ಲಿ ಮುಖ್ಯ. ಚೀಲಕ್ಕೆ ಹಿಗ್ಗಲು ಸಮಯ ಸಿಗದಿದ್ದರೆ 200 ಮಿಲಿಲೀಟರಿನಷ್ಟು ಸಾಕು, ಹೃದಯ ಅದುಮಿ ಹೋಗುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ತುಂಬಿದರೆ ಒಂದು ಲೀಟರ್ ದಾಟಿದರೂ ರೋಗಿ ನಡೆದುಕೊಂಡೇ ಬರಬಹುದು.

ಇನ್ನು ಅಮೈಲಾಯ್ಡ್ ಎಂದರೇನು ಎಂಬುದನ್ನು ಹೇಳಬೇಕು. ನಮ್ಮ ದೇಹದ ಪ್ರೋಟೀನುಗಳೆಲ್ಲವೂ ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಿರುತ್ತವೆ. ಆ ಮಡಿಕೆ ಸರಿಯಿದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ, ಕೆಲಸ ಮುಗಿದ ಮೇಲೆ ಕರಗಿ ವಿಲೇವಾರಿಯಾಗುತ್ತವೆ. ಕೆಲವು ಪ್ರೋಟೀನುಗಳು ಮಡಿಕೆ ತಪ್ಪಿದಾಗ ಕರಗದ ಸೂಕ್ಷ್ಮ ನಾರೆಳೆಗಳಾಗಿ ಒಂದಕ್ಕೊಂದು ಹೆಣೆದುಕೊಂಡು, ಅಂಗಾಂಗಗಳ ಜೀವಕೋಶಗಳ ನಡುವಿನ ಜಾಗದಲ್ಲಿ ಸೇರಿಕೊಳ್ಳುತ್ತವೆ. ಜರ್ಮನಿಯ ರೋಗವಿಜ್ಞಾನಿ ರುಡಾಲ್ಫ್ ವಿರ್ಕೋ 1854ರಲ್ಲಿ ಇದಕ್ಕೆ ಅಮೈಲಾಯ್ಡ್ ಎಂಬ ಹೆಸರು ಬಳಸಿದರು. ಅಯೋಡಿನ್ ಹಾಕಿದಾಗ ಅದು ಪಿಷ್ಟದಂತೆ ಬಣ್ಣ ತಿರುಗಿದ್ದರಿಂದ, ಲ್ಯಾಟಿನ್ನಿನಲ್ಲಿ ಪಿಷ್ಟಕ್ಕಿರುವ ಹೆಸರೇ ಅದಕ್ಕೂ ಬಂತು. ಅದು ಪಿಷ್ಟವಲ್ಲ, ಪ್ರೋಟೀನು ಎಂದು ತಿಳಿದ ಮೇಲೂ ಹೆಸರು ಹಾಗೆಯೇ ಉಳಿಯಿತು. ಇಂದಿಗೂ ಅಂಗಾಂಶದ ಚೂರಿಗೆ ಕಾಂಗೋ ರೆಡ್ ಎಂಬ ಬಣ್ಣ ಹಾಕಿ, ಧ್ರುವೀಕೃತ ಬೆಳಕಿನಲ್ಲಿ ಎಳೆಯ ಸೇಬಿನಂಥ ಹಸಿರು ಹೊಳಪು ಕಂಡರೆ ಅಮೈಲಾಯ್ಡ್ ಎಂದು ನಿರ್ಧರಿಸುತ್ತಾರೆ.

ಹೃದಯವನ್ನು ಹಿಡಿಯುವ ಅಮೈಲಾಯ್ಡ್‌ನಲ್ಲಿ ಎರಡು ಬಗೆಗಳು ಮುಖ್ಯ. ಒಂದರಲ್ಲಿ ಮೂಳೆಯ ಮಜ್ಜೆಯಲ್ಲಿ ರೋಗನಿರೋಧಕ ಪ್ರೋಟೀನು ತಯಾರಿಸುವ ಪ್ಲಾಸ್ಮಾ ಕೋಶಗಳು ಹತೋಟಿ ತಪ್ಪಿ ಲೈಟ್ ಚೈನ್ ಎಂಬ ಪ್ರೋಟೀನಿನ ತುಂಡುಗಳನ್ನು ಅತಿಯಾಗಿ ತಯಾರಿಸುತ್ತವೆ. ಇದನ್ನು ಎಎಲ್ ಎನ್ನುತ್ತೇವೆ. ಇದು ಹೃದಯದ ಜತೆಗೆ ಮೂತ್ರಪಿಂಡ, ನರ, ನಾಲಗೆ, ಕರುಳುಗಳನ್ನೂ ಹಿಡಿಯಬಹುದು, ವೇಗವಾಗಿ ಹೋಗುತ್ತದೆ. ಹೃದಯ ಸೋತ ಮೇಲೆ ಚಿಕಿತ್ಸೆ ಸಿಗದಿದ್ದರೆ ಉಳಿಯುವ ಕಾಲವನ್ನು ತಿಂಗಳುಗಳಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ಇನ್ನೊಂದರಲ್ಲಿ ಯಕೃತ್ತು ತಯಾರಿಸುವ, ಥೈರಾಯ್ಡ್ ಹಾರ್ಮೋನನ್ನೂ ವಿಟಮಿನ್ ಎಯನ್ನೂ ರಕ್ತದಲ್ಲಿ ಹೊತ್ತೊಯ್ಯುವ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ಬಿಡಿಬಿಡಿಯಾಗಿ ಒಡೆದು ನಾರೆಳೆಯಾಗುತ್ತದೆ. ಇದನ್ನು ಎಟಿಟಿಆರ್ ಎನ್ನುತ್ತೇವೆ. ಕೆಲವು ಕುಟುಂಬಗಳಲ್ಲಿ ಜೀನಿನ ದೋಷದಿಂದ ಬರುತ್ತದೆ. ಉಳಿದಂತೆ ಯಾವ ಜೀನ್ ದೋಷವೂ ಇಲ್ಲದೆ ವಯಸ್ಸಾದಂತೆ, ಹೆಚ್ಚಾಗಿ ಗಂಡಸರಲ್ಲಿ ಕಾಣಿಸಿಕೊಳ್ಳುತ್ತದೆ. ದೀರ್ಘಕಾಲದ ಸೋಂಕು ಅಥವಾ ಉರಿಯೂತದಿಂದ ಬರುವ ಎಎ ಎಂಬ ಮೂರನೆಯ ಬಗೆಯೂ ಇದೆ. ಕ್ಷಯರೋಗ ಹೆಚ್ಚಿರುವ ನಮ್ಮ ದೇಶದಲ್ಲಿ ಅದನ್ನು ಮರೆಯಬಾರದು. ಆದರೆ ಅದು ಬಹುಪಾಲು ಮೂತ್ರಪಿಂಡದ ಕಾಯಿಲೆ, ಹೃದಯಕ್ಕೆ ಬರುವುದು ಅಪರೂಪ.

ಹೃದಯದ ಗೋಡೆಯಲ್ಲಿ ಈ ನಾರೆಳೆಗಳು ಸೇರಿದಾಗ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ. ಹಿಂಡುವ ಶಕ್ತಿ ಬಹಳ ಕಾಲ ಉಳಿದಿರುತ್ತದೆ. ಸಡಿಲಗೊಂಡು ರಕ್ತವನ್ನು ತುಂಬಿಸಿಕೊಳ್ಳುವ ಶಕ್ತಿ ಮೊದಲು ಹೋಗುತ್ತದೆ. ಆದ್ದರಿಂದಲೇ ಎಕೋ ವರದಿಯ ಕೊನೆಯಲ್ಲಿ "ಪಂಪಿಂಗ್ 55 ಶೇಕಡಾ, ನಾರ್ಮಲ್" ಎಂದು ಬರೆದಿದ್ದರೂ ರೋಗಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಪೆರ್ಲದ ಆ ಹಿರಿಯರ ವರದಿಯಲ್ಲಿಯೂ ಹಾಗೆಯೇ ಇತ್ತು.

ಇಂಥ ಹೃದಯದ ಸುತ್ತ ನೀರು ಏಕೆ ಕೂಡುತ್ತದೆ? ಕಾರಣ ಒಂದೇ ಅಲ್ಲ. ಬಿರುಸಾದ ಹೃದಯ ತುಂಬಿಕೊಳ್ಳದಿರುವಾಗ ರಕ್ತ ಹಿಂದಕ್ಕೆ ಒತ್ತುತ್ತದೆ. ದೇಹದಿಂದ ಮರಳಿದ ರಕ್ತ ಸೇರುವ ಮೇಲಿನ ಕೋಣೆಯಾದ ಬಲ ಹೃತ್ಕರ್ಣದ ಒತ್ತಡ ಏರುತ್ತದೆ. ಹೃದಯಾವರಣದ ನೀರು ಹರಿದುಹೋಗಬೇಕಾದ ರಕ್ತನಾಳಗಳೂ ದುಗ್ಧನಾಳಗಳೂ ಕೊನೆಗೆ ಆ ಕಡೆಗೇ ಸೇರುವುದರಿಂದ, ಕಟ್ಟ ಹಾಕಿದ ತೋಡಿನಲ್ಲಿ ನೀರು ಹಿಂದೆ ನಿಲ್ಲುವಂತೆ ಇಲ್ಲಿಯೂ ನಿಲ್ಲುತ್ತದೆ. ಕಾಲು ಬಾತುಕೊಳ್ಳುವುದಕ್ಕೂ ಹೊಟ್ಟೆಯ ನೀರಿಗೂ ಶ್ವಾಸಕೋಶದ ಸುತ್ತ ಸೇರುವ ನೀರಿಗೂ ಇದೇ ಕಾರಣ. ಎರಡನೆಯದಾಗಿ, ಅಮೈಲಾಯ್ಡ್ ನಾರೆಳೆಗಳು ಹೃದಯಾವರಣದ ಪದರಗಳಲ್ಲಿಯೇ ಸೇರಿಕೊಂಡು ಅದನ್ನು ದಪ್ಪ ಮಾಡಬಹುದು. ಎಎಲ್ ಕಾಯಿಲೆ ಮೂತ್ರಪಿಂಡವನ್ನೂ ಹಿಡಿದಿದ್ದರೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರಿಹೋಗುತ್ತದೆ. ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಾದಾಗ ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಶಕ್ತಿಯೂ ಕಡಿಮೆಯಾಗುತ್ತದೆ. ಒಬ್ಬರಲ್ಲೇ ಈ ಮೂರೂ ಕೂಡಿರುವುದುಂಟು.

ಹೆಚ್ಚಿನವರಲ್ಲಿ ಈ ನೀರು ಸ್ವಲ್ಪವೇ ಇರುತ್ತದೆ. ಎಕೋದಲ್ಲಿ ಹತ್ತು ಮಿಲಿಮೀಟರಿಗಿಂತ ತೆಳುವಾದ ಒಂದು ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಅದರಿಂದಲೇ ಹೃದಯ ಅದುಮಿಹೋಗುವುದು ಅಪರೂಪ. ಹಾಗೆಂದು ಅದನ್ನು ಕಡೆಗಣಿಸಲೂ ಬಾರದು. ಹೃದಯದೊಳಗಿನ ಒತ್ತಡ ಎಷ್ಟು ಏರಿದೆ ಎಂಬುದನ್ನು ಆ ಕಪ್ಪು ಪಟ್ಟಿ ಹೇಳುತ್ತಿರುತ್ತದೆ. ನೀರು ಇರುವವರಲ್ಲಿ ಕಾಯಿಲೆ ಹೆಚ್ಚು ಮುಂದುವರಿದಿರುತ್ತದೆ. ನನ್ನ ಅಭಿಪ್ರಾಯದಲ್ಲಿ ದಪ್ಪ ಗೋಡೆಯ ಹೃದಯದ ಸುತ್ತ ಸ್ವಲ್ಪ ನೀರು ಕಂಡ ತಕ್ಷಣ ವರದಿ ಬರೆಯುವವರು ನಿಲ್ಲಿಸಿ ಯೋಚಿಸಬೇಕು. ವರ್ಷಗಟ್ಟಲೆ ರಕ್ತದೊತ್ತಡ ಇದ್ದವರಲ್ಲಿಯೂ ಗೋಡೆ ದಪ್ಪವಾಗುತ್ತದೆ, ನಿಜ. ಆದರೆ ಅದಷ್ಟೇ ಆಗಿದ್ದರೆ ನೀರು ಕೂಡಬೇಕಾಗಿಲ್ಲ.

ಇಲ್ಲಿ ಹೃದಯದ ವಿದ್ಯುತ್ತನ್ನು ಗೆರೆಗಳಾಗಿ ಬರೆಯುವ ಇಸಿಜಿಯ ಮಾತು ಬರುತ್ತದೆ. ಸಾಮಾನ್ಯವಾಗಿ ಹೃದಯದ ಗೋಡೆ ದಪ್ಪವಾದರೆ ಇಸಿಜಿಯ ಗೆರೆಗಳು ಎತ್ತರವಾಗುತ್ತವೆ. ಅಮೈಲಾಯ್ಡ್‌ನಲ್ಲಿ ಗೋಡೆ ದಪ್ಪವಾಗಿರುವುದು ಸ್ನಾಯು ಬೆಳೆದದ್ದರಿಂದಲ್ಲ, ವಿದ್ಯುತ್ ಹುಟ್ಟಿಸದ ವಸ್ತು ಸೇರಿಕೊಂಡದ್ದರಿಂದ. ಹಾಗಾಗಿ ಗೆರೆಗಳು ಗಿಡ್ಡವಾಗಬಹುದು. ಎಕೋ ಹೇಳುವುದು ದಪ್ಪ ಗೋಡೆ, ಇಸಿಜಿ ತೋರಿಸುವುದು ಗಿಡ್ಡ ಗೆರೆ. ಈ ಎರಡರ ನಡುವಿನ ತಾಳ ತಪ್ಪುವಿಕೆಯೇ ಮೊದಲ ಸುಳಿವು. ತೊಂದರೆಯೆಂದರೆ ಹೃದಯದ ಸುತ್ತ ನೀರು ತುಂಬಿದಾಗಲೂ ಗೆರೆ ಗಿಡ್ಡವಾಗುತ್ತದೆ. "ನೀರಿದೆ, ಆದ್ದರಿಂದ ಗೆರೆ ಗಿಡ್ಡ" ಎಂದು ಒಮ್ಮೆ ತೀರ್ಮಾನಿಸಿದರೆ ಆ ಸುಳಿವು ಕೈತಪ್ಪುತ್ತದೆ. ನಾನು ಎಡವಿದ್ದು ಇಲ್ಲಿಯೇ. ಆ ಹಿರಿಯರಲ್ಲಿ ನೀರಿನ ಅಗಲ 12 ಮಿಲಿಮೀಟರ್, ಗೋಡೆಯ ದಪ್ಪ 16 ಮಿಲಿಮೀಟರ್. ಹನ್ನೆರಡರ ಕಡೆಗೆ ಕೊಟ್ಟ ಗಮನವನ್ನು ಹದಿನಾರರ ಕಡೆಗೆ ಕೊಟ್ಟಿರಲಿಲ್ಲ. ಗಿಡ್ಡ ಗೆರೆ ಎಲ್ಲ ಅಮೈಲಾಯ್ಡ್ ರೋಗಿಗಳಲ್ಲಿಯೂ ಇರುವುದಿಲ್ಲ, ಎಟಿಟಿಆರ್ ಬಗೆಯಲ್ಲಿ ಅನೇಕರಲ್ಲಿ ಇರುವುದಿಲ್ಲ ಎಂಬುದನ್ನೂ ಸೇರಿಸಬೇಕು. ಇಲ್ಲವಾದರೆ ಅದು ಕಾಣದ್ದರಿಂದಲೇ ಕಾಯಿಲೆ ಇಲ್ಲವೆಂದು ಯಾರಾದರೂ ಸಮಾಧಾನಪಟ್ಟುಕೊಂಡಾರು.

ನೀರು ಹೆಚ್ಚಾಗಿ ಹೃದಯವನ್ನೇ ಅದುಮುವ ಸ್ಥಿತಿಯನ್ನು ಟ್ಯಾಂಪೊನೇಡ್ ಎನ್ನುತ್ತೇವೆ. ರಕ್ತದೊತ್ತಡ ಬೀಳುವುದು, ಕುತ್ತಿಗೆಯ ರಕ್ತನಾಳ ಉಬ್ಬುವುದು, ಹೃದಯದ ಸದ್ದು ದೂರದಿಂದ ಕೇಳಿದಂತೆ ಮಂದವಾಗುವುದು ಎಂಬ ಮೂರು ಲಕ್ಷಣಗಳನ್ನು ಅಮೆರಿಕದ ಶಸ್ತ್ರವೈದ್ಯ ಕ್ಲಾಡ್ ಬೆಕ್ 1935ರಲ್ಲಿ ವಿವರಿಸಿದರು. ಅದಕ್ಕೂ ಮೊದಲು 1873ರಲ್ಲಿ ಅಡಾಲ್ಫ್ ಕುಸ್ಮೌಲ್ ಉಸಿರು ಎಳೆದುಕೊಂಡಾಗ ನಾಡಿ ಕ್ಷೀಣಿಸುವುದನ್ನು ಗುರುತಿಸಿದ್ದರು. ಉಸಿರೆಳೆದಾಗ ಮೇಲಿನ ರಕ್ತದೊತ್ತಡ ಹತ್ತು ಮಿಲಿಮೀಟರ್ ಪಾದರಸಕ್ಕಿಂತ ಹೆಚ್ಚು ಇಳಿದರೆ ಎಚ್ಚರ ವಹಿಸಬೇಕೆಂದು ಇಂದಿಗೂ ಕಲಿಸುತ್ತೇವೆ. ಎಕೋದಲ್ಲಿಯಾದರೆ, ಹೃದಯ ಸಡಿಲಗೊಳ್ಳುವ ಹೊತ್ತಿಗೆ ಬಲ ಹೃತ್ಕುಕ್ಷಿಯ, ಅಂದರೆ ಬಲಗಡೆಯ ಕೆಳಕೋಣೆಯ ತೆಳು ಗೋಡೆ ನೀರಿನ ಒತ್ತಡಕ್ಕೆ ಒಳಕ್ಕೆ ಕುಸಿಯುವುದನ್ನು ನೋಡುತ್ತೇವೆ.

ಅಮೈಲಾಯ್ಡ್ ಹೃದಯದಲ್ಲಿ ಈ ಪಾಠಗಳನ್ನು ಹಾಗೆಯೇ ನೆಚ್ಚುವಂತಿಲ್ಲ. ಗೋಡೆ ಕುಸಿಯಬೇಕಾದರೆ ಅದು ತೆಳುವಾಗಿ ಮೆತ್ತಗಿರಬೇಕು, ಒಳಗಿನ ಒತ್ತಡ ಹೊರಗಿನ ಒತ್ತಡಕ್ಕಿಂತ ಕಡಿಮೆಯಿರಬೇಕು. ಇಲ್ಲಿ ಬಲ ಹೃತ್ಕುಕ್ಷಿಯ ಗೋಡೆಯೂ ದಪ್ಪ, ಬಿರುಸು. ಒಳಗಿನ ಒತ್ತಡ ಮೊದಲೇ ಏರಿರುತ್ತದೆ. ಆದ್ದರಿಂದ ನೀರು ಹೃದಯವನ್ನು ನಿಜವಾಗಿಯೂ ಅದುಮುತ್ತಿದ್ದರೂ ಗೋಡೆ ಕುಸಿಯದೆ ನಿಂತಿರಬಹುದು. ಉಸಿರಿನೊಂದಿಗೆ ನಾಡಿ ಕ್ಷೀಣಿಸುವ ಲಕ್ಷಣವೂ ಕಾಣದಿರಬಹುದು. ಎಕೋ ತೆಗೆದವರು "ಟ್ಯಾಂಪೊನೇಡ್ ಲಕ್ಷಣಗಳಿಲ್ಲ" ಎಂದು ಪ್ರಾಮಾಣಿಕವಾಗಿಯೇ ಬರೆಯುತ್ತಾರೆ, ರೋಗಿ ಮಾತ್ರ ಗಂಟೆಗಂಟೆಗೆ ಕುಗ್ಗುತ್ತಿರುತ್ತಾನೆ. ಮತ್ತೊಂದು ಕಡೆ, ಈ ರೋಗಿಗಳಲ್ಲಿ ಅನೇಕರ ರಕ್ತದೊತ್ತಡ ಎಂದೂ ಕಡಿಮೆಯೇ, ಕುತ್ತಿಗೆಯ ರಕ್ತನಾಳ ಎಂದೂ ಉಬ್ಬಿಯೇ ಇರುತ್ತದೆ. ಅದನ್ನು ಕಂಡು ಟ್ಯಾಂಪೊನೇಡ್ ಎಂದು ಗಾಬರಿಪಟ್ಟು ಸೂಜಿ ಹಾಕುವ ತಪ್ಪೂ ಆಗಬಹುದು. ಹಾಗಾದರೆ ಏನನ್ನು ನಂಬಬೇಕು? ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸವನ್ನು. ನಾಡಿ ವೇಗವಾಗಿದೆಯೇ, ಮೂತ್ರ ಕಡಿಮೆಯಾಗಿದೆಯೇ, ಕೈಕಾಲು ತಣ್ಣಗಾಗುತ್ತಿವೆಯೇ, ಹಳೆಯ ಎಕೋಗಿಂತ ನೀರು ಬೇಗ ಹೆಚ್ಚಿದೆಯೇ ಎಂಬುದು ಯಾವ ಒಂದು ಲಕ್ಷಣಕ್ಕಿಂತಲೂ ಹೆಚ್ಚಿನ ಸತ್ಯವನ್ನು ಹೇಳುತ್ತದೆ. ಇದನ್ನು ಗಮನಿಸಬಲ್ಲವರು ವಾರ್ಡಿನ ನರ್ಸ್‌ಗಳು. ರಾತ್ರಿ ಪಾಳಿಯ ನರ್ಸ್ ಒಬ್ಬರು "ಇವರು ನಿನ್ನೆಯ ಹಾಗಿಲ್ಲ" ಎಂದರೆ ನಾನು ಎದ್ದು ಹೋಗುತ್ತೇನೆ.

ನೀರು ತೆಗೆಯಲೇಬೇಕಾದ ಸಂದರ್ಭಗಳಿವೆ, ಆಗ ತಡ ಮಾಡಬಾರದು. ಆದರೆ ಎಎಲ್ ಬಗೆಯಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಹತ್ತನೆಯ ಘಟಕವನ್ನು ಅಮೈಲಾಯ್ಡ್ ನಾರೆಳೆಗಳು ಹೀರಿಕೊಳ್ಳುವುದುಂಟು, ಸಣ್ಣ ರಕ್ತನಾಳಗಳ ಗೋಡೆಗಳೂ ಪೆಡಸಾಗಿರುತ್ತವೆ. ಕಣ್ಣಿನ ಸುತ್ತ ಏಟು ಬಿದ್ದಂತೆ ನೇರಳೆ ಕಲೆಗಳಾಗುವುದು ಇದರಿಂದಲೇ. ಅಂಥವರ ಎದೆಗೆ ಸೂಜಿ ಹಾಕುವ ಮೊದಲು ರಕ್ತಸ್ರಾವದ ಪರೀಕ್ಷೆಗಳನ್ನು ನೋಡಿಕೊಳ್ಳಬೇಕು. ನೀರು ತೆಗೆದ ಮೇಲೂ ಏದುಸಿರು ಪೂರ್ತಿ ಹೋಗದಿರಬಹುದೆಂದು ಮನೆಯವರಿಗೆ ಮೊದಲೇ ತಿಳಿಸಬೇಕು. ನೀರಿನ ಒತ್ತಡ ಹೋದರೂ ಗೋಡೆಯ ಬಿಗಿತ ಅಲ್ಲಿಯೇ ಇರುತ್ತದೆ. ತೆಗೆದ ನೀರನ್ನು ಎಸೆಯದೆ ಪರೀಕ್ಷೆಗೆ ಕಳುಹಿಸಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ನಮ್ಮ ಊರಿಗೆ ತೀರ ಹತ್ತಿರದ ಒಂದು ಗೊಂದಲಕ್ಕೆ ಬರುತ್ತೇನೆ. ಹೃದಯದ ಸುತ್ತ ನೀರು ಎಂದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ. ಹಾಗೆ ನೆನಪಾಗುವುದು ಸರಿಯೇ. ಕ್ಷಯರೋಗ ಹೃದಯಾವರಣವನ್ನು ಹಿಡಿದರೆ ಮೊದಲು ನೀರು ತುಂಬುತ್ತದೆ. ಮುಂದೆ ಆ ಚೀಲವೇ ದಪ್ಪವಾಗಿ, ಕೆಲವರಲ್ಲಿ ಸುಣ್ಣಗಟ್ಟಿ, ಹೃದಯವನ್ನು ಬಿಗಿದು ಹಿಡಿಯುತ್ತದೆ. ಅದಕ್ಕೆ ಕನ್‌ಸ್ಟ್ರಿಕ್ಟಿವ್ ಪೆರಿಕಾರ್ಡೈಟಿಸ್ ಎಂದು ಹೆಸರು, ಭಾರತದಲ್ಲಿ ಅದಕ್ಕೆ ಮುಖ್ಯ ಕಾರಣ ಇಂದಿಗೂ ಕ್ಷಯವೇ. ಅಲ್ಲಿಯೂ ಕಾಲು ಬಾಯುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕುತ್ತಿಗೆಯ ರಕ್ತನಾಳ ಉಬ್ಬುತ್ತದೆ, ಪಂಪಿಂಗ್ ಚೆನ್ನಾಗಿಯೇ ಇರುತ್ತದೆ. ಅಮೈಲಾಯ್ಡ್ ರೋಗಿಯೂ ಹೊರಗಿನಿಂದ ಹೀಗೆಯೇ ಕಾಣುತ್ತಾನೆ.

ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯನ್ನು ನೆನಪಿಸಿಕೊಳ್ಳಿ. ಸಿಪ್ಪೆ ಒಣಗಿ ಗಟ್ಟಿಯಾಗಿ ಒಳಗಿನದನ್ನು ಹಿಡಿದಿಡುವುದು ಒಂದು, ಒಳಗಿನ ಅಡಿಕೆಯೇ ಕಲ್ಲಿನಂತಾಗುವುದು ಇನ್ನೊಂದು. ಕ್ಷಯದಿಂದ ಬಿಗಿದ ಹೃದಯಾವರಣ ಮೊದಲನೆಯದರ ಹಾಗೆ. ಸಿಪ್ಪೆ ಸುಲಿದರೆ ಒಳಗಿನ ಹೃದಯಕ್ಕೆ ಮತ್ತೆ ಹಿಗ್ಗಲು ಜಾಗ ಸಿಗುತ್ತದೆ, ಶಸ್ತ್ರವೈದ್ಯರು ಹೃದಯಾವರಣವನ್ನು ಬಿಡಿಸಿ ತೆಗೆದು ಅನೇಕರನ್ನು ಗುಣಪಡಿಸಿದ್ದಾರೆ. ಅಮೈಲಾಯ್ಡ್ ಎರಡನೆಯದರ ಹಾಗೆ; ಸಿಪ್ಪೆ ಸುಲಿದು ಪ್ರಯೋಜನವಿಲ್ಲ, ದೊಡ್ಡ ಶಸ್ತ್ರಕ್ರಿಯೆಯನ್ನು ಆ ಹೃದಯ ತಾಳಿಕೊಳ್ಳುವುದೂ ಕಷ್ಟ. ಆದ್ದರಿಂದ ಇವೆರಡನ್ನು ಬೇರೆಬೇರೆಯಾಗಿ ಗುರುತಿಸುವುದು ಹೃದ್ರೋಗ ವೈದ್ಯರು ಅತ್ಯಂತ ತಾಳ್ಮೆಯಿಂದ ಮಾಡಬೇಕಾದ ಕೆಲಸ.

ಗುರುತಿಸುವುದು ಹೇಗೆ? ಬಿಗಿದದ್ದು ಹೊರಗಿನ ಚೀಲವಾದರೆ ಒಳಗಿನ ಸ್ನಾಯು ಇನ್ನೂ ಆರೋಗ್ಯವಾಗಿರುತ್ತದೆ. ಟಿಶ್ಯೂ ಡಾಪ್ಲರ್ ಎಂಬ ಎಕೋ ವಿಧಾನದಲ್ಲಿ ಎಡ ಬಲ ಕೋಣೆಗಳ ನಡುಗೋಡೆಯ ಕಡೆಯಲ್ಲಿ ಅದು ಸಡಿಲಗೊಳ್ಳುವ ವೇಗ ಸೆಕೆಂಡಿಗೆ 8 ಸೆಂಟಿಮೀಟರಿಗಿಂತ ಹೆಚ್ಚೇ ಇರುತ್ತದೆ. ಅಮೈಲಾಯ್ಡ್ ಹೃದಯದಲ್ಲಿ ಅದು ಬಹಳ ಇಳಿದಿರುತ್ತದೆ. ಚೀಲ ಬಿಗಿದಾಗ ಎಡ ಬಲ ಹೃತ್ಕುಕ್ಷಿಗಳು ಒಂದೇ ಇಕ್ಕಟ್ಟಾದ ಕೋಣೆಯನ್ನು ಹಂಚಿಕೊಂಡವರಂತೆ ವರ್ತಿಸುತ್ತವೆ. ಉಸಿರೆಳೆದಾಗ ಒಂದು ತುಂಬಿಕೊಂಡರೆ ಇನ್ನೊಂದು ಕುಗ್ಗುತ್ತದೆ, ನಡುಗೋಡೆ ಅತ್ತಿತ್ತ ಓಲಾಡುತ್ತದೆ. ಹೃದಯದ ಗೋಡೆ ಹಿಗ್ಗಿದಾಗ ರಕ್ತಕ್ಕೆ ಬಿಡುಗಡೆಯಾಗುವ ಬಿಎನ್‌ಪಿ ಎಂಬ ವಸ್ತು, ಚೀಲ ಹಿಗ್ಗಲು ಬಿಡದಿರುವ ಕ್ಷಯದ ರೋಗಿಯಲ್ಲಿ ಅಷ್ಟಾಗಿ ಏರುವುದಿಲ್ಲ, ಅಮೈಲಾಯ್ಡ್‌ನಲ್ಲಿ ಬಹಳ ಏರಿರುತ್ತದೆ. ಸಿಟಿ ಸ್ಕ್ಯಾನ್ ಚೀಲದ ದಪ್ಪವನ್ನೂ ಸುಣ್ಣವನ್ನೂ ತೋರಿಸುತ್ತದೆ. ಎಂಆರ್‌ಐ ಗೋಡೆಯೊಳಗೆ ಸೇರಿಕೊಂಡ ಅಮೈಲಾಯ್ಡ್‌ನ ಸುಳಿವು ಕೊಡುತ್ತದೆ. ಇಷ್ಟರ ಮೇಲೂ ಅಪರೂಪಕ್ಕೆ ಎರಡೂ ಒಬ್ಬರಲ್ಲೇ ಕೂಡಿರುವುದುಂಟು, ಅಮೈಲಾಯ್ಡ್ ಹೃದಯಾವರಣವನ್ನೇ ಬಿಗಿಗೊಳಿಸಿದ ರೋಗಿಗಳೂ ವರದಿಯಾಗಿದ್ದಾರೆ. ಒಂದು ಪರೀಕ್ಷೆಯ ಮಾತು ಕೇಳಿ ಇನ್ನೊಂದನ್ನು ಬಿಡುವಂತಿಲ್ಲ.

ಪೆರ್ಲದ ಹಿರಿಯರಿಗೆ ನಾನು ಕ್ಷಯದ ಮಾತ್ರೆಗಳನ್ನು ಆರಂಭಿಸಿದ್ದೆ. ಕಫದಲ್ಲಿ ಏನೂ ಇರಲಿಲ್ಲ, ಜ್ವರವಿರಲಿಲ್ಲ; ಆದರೂ ನಮ್ಮ ಊರಿನಲ್ಲಿ ಅದೇ ಹೆಚ್ಚು ಸಂಭವ ಎಂಬ ಅನುಭವದ ಬಲದ ಮೇಲೆ ಆರಂಭಿಸಿದೆ. ಎರಡು ವಾರಗಳಲ್ಲಿ ಅವರ ಕಣ್ಣು ಹಳದಿಯಾಯಿತು. ಹಿಂದಕ್ಕೊತ್ತಿದ ರಕ್ತದಿಂದ ಮೊದಲೇ ಊದಿದ್ದ ಯಕೃತ್ತಿಗೆ ಆ ಮಾತ್ರೆಗಳು ಭಾರವಾದವು. ನಿಲ್ಲಿಸಿದೆ. ಅಷ್ಟರಲ್ಲಿ ಮಗ ಮನೆಯ ಕಪಾಟಿನಿಂದ ಹಳೆಯ ಕಾಗದಗಳ ಒಂದು ಪ್ಲಾಸ್ಟಿಕ್ ಚೀಲ ತಂದು ಮುಂದಿಟ್ಟರು. ಕಾಸರಗೋಡಿನ ಚೀಟಿಗಳು, ಮಂಗಳೂರಿನ ಡಿಸ್ಚಾರ್ಜ್ ಕಾಗದಗಳು, ಕೆಲವು ಮಲಯಾಳ ಮುದ್ರೆಯ ಓಪಿ ಟಿಕೆಟುಗಳು. ಅವುಗಳಲ್ಲಿ ಎಂಟು ವರ್ಷಗಳ ಹಿಂದೆ ಎರಡೂ ಮಣಿಕಟ್ಟುಗಳಲ್ಲಿ ಕೈ ಜೋಮು ಹಿಡಿಸುವ, ಅದುಮಿದ ನರವನ್ನು ಬಿಡಿಸುವ ಕಾರ್ಪಲ್ ಟನಲ್ ಶಸ್ತ್ರಕ್ರಿಯೆಯಾದ ಕಾಗದವಿತ್ತು. ಬೆನ್ನುಹುರಿಯ ಕಾಲುವೆ ಕಿರಿದಾಗಿದೆ ಎಂಬ ಎಂಆರ್‌ಐ ಇತ್ತು. ಹತ್ತು ವರ್ಷ ನುಂಗಿದ ಬಿಪಿ ಮಾತ್ರೆಯನ್ನು, ಬಿಪಿ ತಾನಾಗಿಯೇ ಇಳಿದದ್ದರಿಂದ ನಿಲ್ಲಿಸಿದ ಚೀಟಿಯಿತ್ತು. ಒಂದೊಂದನ್ನು ಒಬ್ಬೊಬ್ಬ ವೈದ್ಯರು ನೋಡಿದ್ದರು, ಎಲ್ಲವನ್ನೂ ಒಟ್ಟಿಗೆ ಯಾರೂ ನೋಡಿರಲಿಲ್ಲ. ಟ್ರಾನ್ಸ್‌ಥೈರೆಟಿನ್ ಅಮೈಲಾಯ್ಡ್ ಹೃದಯಕ್ಕೆ ಬರುವ ಎಷ್ಟೋ ವರ್ಷಗಳ ಮೊದಲೇ ಮಣಿಕಟ್ಟಿನ, ಬೆನ್ನಿನ ಅಸ್ಥಿಬಂಧಗಳಲ್ಲಿ ಸೇರಿಕೊಂಡಿರುತ್ತದೆ ಎಂಬುದನ್ನು ತಿಳಿದವರಿಗೆ ಆ ಚೀಲವೇ ಅರ್ಧ ರೋಗನಿರ್ಣಯವಾಗಿತ್ತು.

ಗಡಿಯ ಜಿಲ್ಲೆಯಲ್ಲಿ ಬದುಕುವ ನಮಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ಒಂದು ಕಾಯಿಲೆಯ ಕಾಗದಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತವೆ. 2020ರಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನು ತಲುಪಲಾರದೆ ಕಾಸರಗೋಡಿನವರು ಪಟ್ಟ ಪಾಡು ನಿಮಗೆಲ್ಲ ಗೊತ್ತಿದೆ. ರೋಗಿಯ ಕಾಗದ ರೋಗಿಯ ಕೈಯಲ್ಲಿ ಇರಬೇಕು, ಒಂದೇ ಚೀಲದಲ್ಲಿ ಇರಬೇಕು, ಪ್ರತಿ ಭೇಟಿಗೂ ಆ ಚೀಲ ಬರಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಇದನ್ನು ಹೇಳಿದರೆ ದೊಡ್ಡ ಉಪಕಾರ.

ಮುಂದಿನ ಪರೀಕ್ಷೆಗಳಲ್ಲಿ ಒಂದು ಕ್ರಮವಿದೆ, ಅದನ್ನು ತಪ್ಪಿಸಬಾರದು. ಮೊದಲು ರಕ್ತ ಮತ್ತು ಮೂತ್ರದಲ್ಲಿ ಲೈಟ್ ಚೈನ್ ಹಾಗೂ ಅಸಹಜ ಪ್ರೋಟೀನನ್ನು ಹುಡುಕಬೇಕು. ಎಎಲ್ ಬಗೆಯಾಗಿದ್ದರೆ ಪ್ರತಿ ವಾರವೂ ಅಮೂಲ್ಯ. ವಿಕಿರಣ ಸೂಸುವ ಟೆಕ್ನೀಷಿಯಂ ಹಾಕಿ ತೆಗೆಯುವ ಮೂಳೆಯ ಸ್ಕ್ಯಾನಿನಲ್ಲಿ ಹೃದಯವೇ ಹೊಳೆದು ಕಾಣುವುದು ಎಟಿಟಿಆರ್‌ನ ಲಕ್ಷಣ. ಹೃದಯದ ಚೂರು ತೆಗೆಯದೆಯೇ ಹೀಗೆ ನಿರ್ಣಯಿಸಬಹುದೆಂದು 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿಕೊಟ್ಟಿತು. ಆದರೆ ಎಎಲ್ ರೋಗಿಗಳಲ್ಲಿಯೂ ಕೆಲವರ ಹೃದಯ ಹೊಳೆಯುತ್ತದೆ. ರಕ್ತ, ಮೂತ್ರದ ಪರೀಕ್ಷೆ ಇಲ್ಲದೆ ಸ್ಕ್ಯಾನ್ ಒಂದನ್ನೇ ನೆಚ್ಚಿದರೆ ಕೀಮೋಥೆರಪಿ ಬೇಕಾದ ಎಎಲ್ ರೋಗಿಗಳು ಅದರಿಂದ ವಂಚಿತರಾಗುತ್ತಾರೆ. ಅನುಮಾನವಿದ್ದರೆ ಹೊಟ್ಟೆಯ ಕೊಬ್ಬಿನಿಂದಲೋ ಹೃದಯದಿಂದಲೋ ಚೂರು ತೆಗೆದು ನೋಡಲೇಬೇಕು.

ಚಿಕಿತ್ಸೆಯ ವಿಷಯದಲ್ಲಿ, ನೀರು ಕಡಿಮೆಯಾಗಲು ಮೂತ್ರ ಹೆಚ್ಚಿಸುವ ಮಾತ್ರೆಯೇ ಮುಖ್ಯ, ಅದೂ ಹದವಾಗಿ. ಬಿರುಸಾದ ಹೃದಯಕ್ಕೆ ತುಂಬಿಕೊಳ್ಳಲು ಸಾಕಷ್ಟು ಒತ್ತಡ ಬೇಕು; ಅತಿಯಾಗಿ ನೀರು ಇಳಿಸಿದರೆ ರಕ್ತದೊತ್ತಡ ಬಿದ್ದು ರೋಗಿ ತಲೆತಿರುಗಿ ಬೀಳುತ್ತಾನೆ, ಮೂತ್ರಪಿಂಡ ಸೊರಗುತ್ತದೆ. ಪ್ರತಿ ಬೆಳಗ್ಗೆ ತೂಕ ನೋಡಿ ಬರೆದಿಡುವುದು ಇಲ್ಲಿ ಯಾವ ಯಂತ್ರಕ್ಕಿಂತಲೂ ಉಪಯುಕ್ತ. ಒಂದೊಂದು ಬಡಿತಕ್ಕೆ ಹೊರಹಾಕುವ ರಕ್ತವನ್ನು ಹೆಚ್ಚಿಸಲಾಗದ ಈ ಹೃದಯ ಬಡಿತದ ವೇಗವನ್ನೇ ಅವಲಂಬಿಸಿರುವುದರಿಂದ, ವೇಗ ತಗ್ಗಿಸುವ ಬೀಟಾ ಬ್ಲಾಕರ್‌ಗಳು ಅನೇಕರಿಗೆ ಒಗ್ಗುವುದಿಲ್ಲ. ವೆರಪಮಿಲ್, ಡಿಲ್ಟಿಯಾಜೆಮ್ ಮಾತ್ರೆಗಳನ್ನು ದೂರವಿಡುವುದೇ ಒಳ್ಳೆಯದು. ಬಡಿತದ ಲಯ ತಪ್ಪಿದವರಿಗೆ ರಕ್ತ ತೆಳುಗೊಳಿಸುವ ಮಾತ್ರೆ ಬೇಕಾಗುತ್ತದೆ. ಸುತ್ತ ನೀರೂ ಇದ್ದಾಗ ಆ ನೀರನ್ನು ಎಕೋದಲ್ಲಿ ಆಗಾಗ ನೋಡುತ್ತಿರಬೇಕು.

ಮೂಲ ಕಾಯಿಲೆಗೆ ಈಗ ಔಷಧಗಳಿವೆ. ನಾನು ವೈದ್ಯಕೀಯ ಓದುತ್ತಿದ್ದಾಗ ಈ ಮಾತು ಹೇಳುವಂತಿರಲಿಲ್ಲ. ಎಎಲ್ ಬಗೆಗೆ ಬೊರ್ಟೆಜೊಮಿಬ್, ಡಾರಾಟುಮುಮಾಬ್ ಮುಂತಾದವು ಮಜ್ಜೆಯ ಕೆಟ್ಟ ಕೋಶಗಳನ್ನು ಹತ್ತಿಕ್ಕುತ್ತವೆ. ಎಟಿಟಿಆರ್ ಬಗೆಗೆ ಟಫಾಮಿಡಿಸ್ ಎಂಬ ಮಾತ್ರೆ ಟ್ರಾನ್ಸ್‌ಥೈರೆಟಿನ್ ಒಡೆಯದಂತೆ ಹಿಡಿದಿಡುತ್ತದೆ. 441 ರೋಗಿಗಳನ್ನು 30 ತಿಂಗಳು ಗಮನಿಸಿದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಸಾವನ್ನೂ ಆಸ್ಪತ್ರೆ ಸೇರುವುದನ್ನೂ ಕಡಿಮೆ ಮಾಡಿತು. ಯಕೃತ್ತಿನಲ್ಲಿ ಆ ಪ್ರೋಟೀನಿನ ತಯಾರಿಯನ್ನೇ ತಗ್ಗಿಸುವ, ಮೂರು ತಿಂಗಳಿಗೊಮ್ಮೆ ಕೊಡುವ ವುಟ್ರಿಸಿರಾನ್ ಚುಚ್ಚುಮದ್ದೂ ಬಂದಿದೆ. ಇವು ಸೇರಿಕೊಂಡದ್ದನ್ನು ಕರಗಿಸುವುದಕ್ಕಿಂತ ಹೆಚ್ಚಾಗಿ ಮತ್ತಷ್ಟು ಸೇರದಂತೆ ತಡೆಯುತ್ತವೆ. ಆದ್ದರಿಂದಲೇ ಬೇಗ ಗುರುತಿಸಬೇಕು ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇವು ದುಬಾರಿ ಔಷಧಗಳು. ನಮ್ಮ ರೈತರ, ಬೀಡಿ ಕಾರ್ಮಿಕರ ಕೈಗೆಟಕುವಂತೆ ಇವು ಸಿಗುವ ತನಕ ರೋಗನಿರ್ಣಯ ಅರ್ಧ ಕೆಲಸವಾಗಿಯೇ ಉಳಿಯುತ್ತದೆ, ಅದು ನನಗೆ ನೋವಿನ ವಿಷಯ.

ಉಪನ್ಯಾಸದ ಕೊನೆಗೆ ಆಶಾ ಕಾರ್ಯಕರ್ತೆಯೊಬ್ಬರು ಎದ್ದು, "ಡಾಕ್ಟ್ರೇ, ನಮ್ಮಲ್ಲಿ ಬೀಡಿ ಕಟ್ಟುವ ಎಲ್ಲರ ಕೈಯೂ ಜೋಮು ಹಿಡೀತದೆ. ಎಲ್ಲರನ್ನೂ ಕಳಿಸ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಅದು ಅಂದಿನ ಅತ್ಯುತ್ತಮ ಪ್ರಶ್ನೆ. ಕಳುಹಿಸಬೇಕಾಗಿಲ್ಲ. ಬೀಡಿ ಕಟ್ಟುವ ನಡುವಯಸ್ಸಿನ ಹೆಂಗಸರ ಕೈ ಜೋಮಿಗೆ ಕೆಲಸವೇ ಕಾರಣವಿರಬಹುದು, ಸಕ್ಕರೆ ಕಾಯಿಲೆಯೋ ಥೈರಾಯ್ಡ್ ತೊಂದರೆಯೋ ಇರಬಹುದು. ಅದಕ್ಕೆ ಬೇಕಾದ ಪರೀಕ್ಷೆ ಬೇರೆ. ಆದರೆ ಎರಡೂ ಕೈಗಳಿಗೆ ಜೋಮು ಬಂದಿದ್ದ ಅಥವಾ ಮಣಿಕಟ್ಟಿನ ಶಸ್ತ್ರಕ್ರಿಯೆಯಾಗಿದ್ದ ವಯಸ್ಸಾದವರಿಗೆ ಈಗ ಕಾಲು ಬಾಯುತ್ತಿದ್ದರೆ, ಏದುಸಿರು ಬರುತ್ತಿದ್ದರೆ, ಹಿಂದಿನ ಬಿಪಿ ಮಾತ್ರೆ ಈಗ ಬೇಡವಾಗಿದ್ದರೆ ಕಳುಹಿಸಿ. ನಾಲಗೆ ದಪ್ಪವಾಗಿ ಅಂಚಿನಲ್ಲಿ ಹಲ್ಲಿನ ಗುರುತು ಮೂಡಿದ್ದರೆ, ಕಣ್ಣಿನ ಸುತ್ತ ಕಾರಣವಿಲ್ಲದೆ ನೇರಳೆ ಕಲೆಯಾಗಿದ್ದರೆ, ಮೂತ್ರದಲ್ಲಿ ನೊರೆ ಹೆಚ್ಚಾಗಿದ್ದರೆ ವಯಸ್ಸು ನೋಡದೆ, ಗಂಡಸೋ ಹೆಂಗಸೋ ನೋಡದೆ, ಅದೇ ವಾರ ಕಳುಹಿಸಿ.

ಪೆರ್ಲದ ಹಿರಿಯರ ರಕ್ತ, ಮೂತ್ರದಲ್ಲಿ ಅಸಹಜ ಪ್ರೋಟೀನು ಇರಲಿಲ್ಲ, ಸ್ಕ್ಯಾನಿನಲ್ಲಿ ಹೃದಯ ಪಕ್ಕೆಲುಬುಗಳಿಗಿಂತ ಹೆಚ್ಚು ಹೊಳೆಯಿತು, ಜೀನಿನಲ್ಲಿ ದೋಷ ಕಾಣಲಿಲ್ಲ. ಮೂತ್ರದ ಮಾತ್ರೆಯನ್ನು ಹದಕ್ಕೆ ತಂದ ಮೇಲೆ ಕಾಲಿನ ಬಾವು ಇಳಿಯಿತು. ಮಕ್ಕಳು ಸೇರಿ ಔಷಧಕ್ಕೆ ಹೊಂದಿಸಿದರು. ಈಗ ಅವರು ತೋಟಕ್ಕೆ ಇಳಿಯುವುದಿಲ್ಲ, ಅಂಗಳದಲ್ಲಿ ಕುಳಿತು ಅಡಿಕೆ ಹೆಕ್ಕುತ್ತಾರೆ. ಮೂರು ತಿಂಗಳಿಗೊಮ್ಮೆ ಆ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾರೆ, ತೂಕ ಬರೆದ ಪುಸ್ತಕವನ್ನು ಮೊದಲು ತೆಗೆದುಕೊಡುತ್ತಾರೆ. ಮೊನ್ನೆಯ ಎಕೋದಲ್ಲಿಯೂ ಹೃದಯದ ಹಿಂದೆ ಏಳು ಮಿಲಿಮೀಟರಿನ ಕಪ್ಪು ಪಟ್ಟಿ ಇತ್ತು. ಅದನ್ನು ಅಳೆದು ಬರೆದೆವು, ತೆಗೆಯಲಿಲ್ಲ.